ಕೊಳದ ತಳ ಕ್ಲೀನ್ ಮಾಡಿದ ದಿನ, ಪಂಪು ಕೈಕೊಟ್ಟ ದಿನ

ಹಾಂ, ಕ್ಯಾಮೆರಾ ಆನ್ ಆಯ್ತು. ಮೈಸೂರಲ್ಲಿ ಈಗ ಎಂಟು ಗಂಟೆಗೇ ಬಿಸಿಲು ಚುರುಗುಟ್ಟತ್ತೆ, ಅದಕ್ಕೇ ಬೇಗ ಇಳಿದಿದೀನಿ. ನಮ್ಮ ಹಿತ್ತಲ ಕೊಳ ಇದು, 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳ, ಲೆಕ್ಕ ಹಾಕಿದ್ರೆ 2,200 ಲೀಟರ್ ಮೇಲೇ ನೀರು. ಮೇಲೆ ನೈದಿಲೆ ಬಿಟ್ಟು ಚೆನ್ನಾಗೇ ಕಾಣ್ಸತ್ತೆ, ತಳದಲ್ಲಿ ಮಾತ್ರ ಪೂರ್ತಿ ಹೊಂಗೆ ಎಲೆ. ಯುಗಾದಿ ಹತ್ರ ಬಂತು ಅಂದ್ರೆ ಆ ಮರ ಹಳೇದೆಲ್ಲಾ ಉದುರಿಸಿ ಹೊಸ ಚಿಗುರು ಹಾಕತ್ತಲ್ಲ, ಉದುರಿದ್ದೆಲ್ಲಾ ನಮ್ಮ ಕೊಳಕ್ಕೇ. ಮರ ಕಡ್ಸೇಬಿಡೋಣ ಅಂತ ಮನೇಲಿ ಹೇಳೂ ಆಗಿದೆ.

ಮೀನೆಲ್ಲಾ ಆ ನೀಲಿ ಡ್ರಮ್ಮಲ್ಲಿದಾವೆ, ಕೊಳದ ನೀರಲ್ಲೇ.

ಈಗ ಈ ಪಂಪಿನ ವಿಷ್ಯ ಹೇಳ್ಲೇಬೇಕು. 1,650 ರೂಪಾಯಿ ಕೊಟ್ಟು ತಂದಿದ್ದು. ಅಂಗಡೀಲಿ ಕೇಳಿದ್ದೆ, ಎಲೆ ಕೆಸರು ಎಲ್ಲಾ ಇದೆ, ಎಳೆಯತ್ತಾ ಅಂತ, ಆರಾಮಾಗಿ ಎಳೆಯತ್ತೆ ಅಂದ್ರು. ಹಾಕಿ ಎರಡು ನಿಮಿಷ ಆಗಿಲ್ಲ, ನಿಂತೋಯ್ತು. ಪ್ಲಗ್ ಕಿತ್ತು, ಎತ್ತಿ, ಬಿಚ್ಚಿ ನೋಡಿದ್ರೆ ಒಳಗೆ ತಿರುಗೋ ಚಕ್ರಕ್ಕೆ ಎಲೆ ತೊಟ್ಟು ಸುತ್ಕೊಂಡಿದೆ. ತೆಗ್ದು ಹಾಕ್ದೆ, ಮತ್ತೆ ನಿಂತ್ತು. ಹಿಂಗೇ ನಾಲ್ಕು ಸಲ, ಐದನೇ ಸಲ ಗುಂಯ್ ಅಂತ ಸದ್ದು ಅಷ್ಟೇ, ನೀರಿಲ್ಲ. ವಾಪಸ್ ತಗೊಂಡ್ ಹೋದ್ರೆ ನೀರಿಗೆ ಇಳಿಸಿದ ಮಾಲು ತಗೊಳಲ್ಲ ಅಂತಾರೆ. ನೀರಿನ ಪಂಪನ್ನ ನೀರಿಗೆ ಇಳಿಸ್ದೆ ಹೆಂಗೆ ನೋಡೋದು ಹೇಳಿ? ನಂಗೆ ತುಂಬಾ ಬೇಜಾರಾಯ್ತು. ಡಬ್ಬಿ ಮೂಲೇಲಿ ಸಣ್ಣಕ್ಷರದಲ್ಲಿ ಕ್ಲಿಯರ್ ವಾಟರ್ ಓನ್ಲಿ ಅಂತ ಇದೆ, ನೀವು ತಗೊಳೋರು ಅದನ್ನ ಓದಿ ತಗೊಳಿ. ಇನ್ನೊಂದು, ಪ್ಲಗ್ ಕೀಳದೆ ನೀರಿಗೆ ಕೈ ಹಾಕ್ಬೇಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ.

ಅದಕ್ಕೇ ಮಂಕರಿ. ಹಳೇ ಬಿದಿರು ಮಂಕರಿ, ತಳಕ್ಕೆ ಒತ್ತಿ ನಿಧಾನಕ್ಕೆ ಎತ್ತಿದ್ರೆ ನೀರು ಸೋರಿ ಎಲೆ ಉಳಿಯತ್ತೆ, ಇದರ ಮುಂದೆ ಯಾವ ಬಲೆನೂ ಇಲ್ಲ. ಜೋರಾಗಿ ಕದಡ್ಬೇಡಿ. ಬರ್ತಾ ಇದೆ ವಾಸ್ನೆ, ಕೊಳೆತ ಮೊಟ್ಟೆ ಥರ. ತಳದಲ್ಲಿ ಆಕ್ಸಿಜನ್ ಇಲ್ದೆ ಎಲೆ ಕೊಳೀತಾ ಹೈಡ್ರೋಜನ್ ಸಲ್ಫೈಡ್ ಆಗತ್ತೆ, ಮೀನು ಒಳಗಿದ್ದಾಗ ಇದನ್ನ ಕಲಕಿದ್ರೆ ಪಾಪ, ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ.

ಅಜ್ಜಿ ಊರಲ್ಲಿ ಬೇಸಿಗೇಲಿ ಕೆರೆ ಬತ್ತಿದ್ರೆ ಗಾಡಿಗಟ್ಲೆ ಗೋಡು, ಅಂದ್ರೆ ಕೆರೆ ತಳದ ಕೆಸರು, ಹೊಡೀತಿದ್ರು ಹೊಲಕ್ಕೆ. ಕಪ್ಪಗೆ ಬೆಣ್ಣೆ ಥರ ಇರೋದು, ನಾವು ಹುಡುಗ್ರು ಅದರ ಮೇಲೇ ಕೂತು ಹೋಗೋದು, ಆ ವರ್ಷ ರಾಗಿ ತೆನೆ ನೋಡ್ಬೇಕಿತ್ತು ನೀವು... ಸರಿ ಸರಿ, ಮಂಕರಿ ತುಂಬ್ತು.

ಈ ರಾಡಿ ದಾಸವಾಳಕ್ಕೆ ಹೋಗತ್ತೆ, ಆದ್ರೆ ಇವತ್ತೇ ಅಲ್ಲ. ರಾತ್ರಿ ಪೂರ್ತಿ ದಡದಲ್ಲೇ ಇರ್ಲಿ. ನೋಡಿ, ಇಲ್ಲಿ ಕಾಲಾಡಿಸ್ತಾ ಇದೆಯಲ್ಲ, ಏರೋಪ್ಲೇನ್ ಚಿಟ್ಟೆ ಮರಿ. ಸೊಳ್ಳೆ ಮರಿ ತಿನ್ನೋದು ಇದೇ. ಇದು, ಬಸವನಹುಳ, ಎಲ್ಲಾ ತಾವಾಗೇ ನೀರಿಗೆ ವಾಪಸ್ ಇಳ್ಕೊಳ್ಲಿ. ತಳಾನ ಉಜ್ಜಿ ಉಜ್ಜಿ ತೊಳೀಲೂ ಬೇಡಿ, ಒಂದು ಬೆರಳು ಕೆಸರು ಬಿಡಿ, ಅದರಲ್ಲಿರೋ ಬ್ಯಾಕ್ಟೀರಿಯಾನೇ ಮೀನಿನ ಗಲೀಜನ್ನ ಅರಗಿಸೋದು.

ನೀರು ಮೂರರಲ್ಲಿ ಒಂದು ಪಾಲು ಕಡಿಮೆ ಆಗಿದೆ. ನಲ್ಲಿ ನೀರಲ್ಲಿ ಕ್ಲೋರಿನ್ ಇರತ್ತೆ, ಮೀನಿನ ಕಿವಿರು ಸುಡತ್ತೆ ಅದು, ಅದಕ್ಕೇ ಎರಡು ದಿನದ ಹಿಂದೇನೇ ಬಾಯಿ ತೆಗ್ದು ಬೇರೆ ಡ್ರಮ್ಮುಗಳಲ್ಲಿ ಹಿಡಿದಿಟ್ಟಿದ್ದೆ.

ಅಬ್ಬಾ, ಈಗ ಹನ್ನೊಂದೂವರೆ, ಕೊಳ ಪೂರ್ತಿ ಹೊಂಗೆ ನೆರಳಲ್ಲೇ ಇದೆ, ಕೈ ಇಟ್ರೆ ನೀರು ತಣ್ಣಗಿದೆ. ನೀರು ಬಿಸಿ ಆದಷ್ಟೂ ಆಕ್ಸಿಜನ್ ಕಡಿಮೆ ಹಿಡಿಯೋದು. ಇಲ್ಲ, ಮರ ಕಡಿಸಲ್ಲ, ಬೆಳಗ್ಗೆ ಅಂದಿದ್ದು ವಾಪಸ್. ಬರೋ ವರ್ಷ ಎಲೆ ಉದುರೋಕೆ ಮುಂಚೆ ಮೇಲೊಂದು ಬಲೆ ಕಟ್ತೀನಿ. ಬಂದೆ, ಡ್ರಮ್ ಹಿಡ್ಕೊಳಕ್ಕೆ ಕರೀತಿದಾರೆ, ಮೀನು ಬಿಡ್ಬೇಕು.