ಅವಳ ಮಾತು ಯಾರೂ ನಂಬದಿದ್ದಾಗ

ಕೇಳುಗರೇ, ನಮಸ್ಕಾರ.

ಬಸುರಿ, ಬಾಣಂತಿ, ಎಳೆ ಮಗು ಇರುವ ದೆವ್ವದ ಸಿನಿಮಾ ಅಂದರೆ ಬೇಡಪ್ಪಾ ಅನ್ನುವವರೇ ಜಾಸ್ತಿ. ನನಗೆ ಇವು ತುಂಬಾ ಇಷ್ಟ. ಇವುಗಳಲ್ಲಿ ಒಳ್ಳೆಯ ಚಿತ್ರಗಳು ದೆವ್ವವನ್ನು ತೋರಿಸಿ ಹೆದರಿಸುವುದು ಕಡಿಮೆ. ಹೆಂಗಸು ಏನೋ ಸರಿಯಿಲ್ಲ ಅನ್ನುತ್ತಾಳೆ. ಸುತ್ತಲಿನವರು ಏನೂ ಇಲ್ಲ, ಸುಮ್ನಿರು ಅನ್ನುತ್ತಾರೆ. ಭಯ ಹುಟ್ಟುವುದು ಅಲ್ಲಿ.

1968ರ 'ರೋಸ್‌ಮೆರೀಸ್ ಬೇಬಿ'ಯನ್ನೇ ನೋಡಿ. ಐರಾ ಲೆವಿನ್ ಕಾದಂಬರಿ ಆಧರಿಸಿದ ಚಿತ್ರ. ನಾಯಕಿ ಮಿಯಾ ಫ್ಯಾರೊ. ನ್ಯೂಯಾರ್ಕಿನ ಹಳೆಯ ಕಟ್ಟಡವೊಂದಕ್ಕೆ ಗಂಡ ಹೆಂಡತಿ ಬಾಡಿಗೆಗೆ ಬರುತ್ತಾರೆ. ಪಕ್ಕದ ಮನೆಯ ಮುದಿ ದಂಪತಿ ಸೈತಾನನ ಭಕ್ತರು. ಗಂಡನಿಗೆ ನಟನಾಗಿ ಹೆಸರು ಮಾಡುವ ಆಸೆ. ಅದಕ್ಕಾಗಿ ಹೆಂಡತಿಯ ಬಸಿರನ್ನೇ ಅವರಿಗೆ ಒಪ್ಪಿಸುತ್ತಾನೆ.

ಅವಳಿಗೆ ಹೊಟ್ಟೆನೋವು ಶುರುವಾಗುತ್ತದೆ. ಮುಖ ಬಿಳುಚಿಕೊಳ್ಳುತ್ತದೆ, ಮೈ ಇಳಿದುಹೋಗುತ್ತದೆ. ಡಾಕ್ಟರು ಮೊದಲೇ ಹೇಳಿಟ್ಟಿರುತ್ತಾನೆ: ಪುಸ್ತಕ ಓದಬೇಡ, ಗೆಳತಿಯರ ಮಾತು ಕೇಳಬೇಡ, ಪಕ್ಕದ ಮನೆಯಾಕೆ ಕೊಡುವ ಗಿಡಮೂಲಿಕೆ ರಸ ದಿನಾ ಕುಡಿ. ಒಂದು ಪಾರ್ಟಿಯಲ್ಲಿ ಗೆಳತಿಯರು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಗಂಡನನ್ನು ಹೊರಗೇ ನಿಲ್ಲಿಸುತ್ತಾರೆ. ಇಂಥ ನೋವು ಸಹಜವಲ್ಲ, ಬೇರೆ ಡಾಕ್ಟರಿಗೆ ತೋರಿಸು ಅನ್ನುತ್ತಾರೆ. ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಎಷ್ಟು ದಿನದಿಂದ ತಡೆದಿಟ್ಟಿದ್ದಳೋ!

ಕೊನೆಗೆ ಬೇರೆ ಡಾಕ್ಟರ ಹತ್ತಿರ ಓಡಿ ಎಲ್ಲವನ್ನೂ ಹೇಳುತ್ತಾಳೆ. ಅವನು ಸಮಾಧಾನವಾಗಿ ಕೇಳಿ, ಸ್ವಲ್ಪ ಮಲಗಿಕೋ ಅನ್ನುತ್ತಾನೆ. ಆಮೇಲೆ ಫೋನ್ ಮಾಡಿ ಗಂಡನನ್ನೂ ಹಳೇ ಡಾಕ್ಟರನ್ನೂ ಕರೆಸಿಬಿಡುತ್ತಾನೆ. ಅವನು ಸೈತಾನನ ಕಡೆಯವನಲ್ಲ, ಕೆಟ್ಟವನೂ ಅಲ್ಲ. ಬಸುರಿಗೆ ತಲೆ ಕೆಟ್ಟಿದೆ ಅಂದುಕೊಂಡ, ಅಷ್ಟೆ. ಇಡೀ ಚಿತ್ರದಲ್ಲಿ ನನಗೆ ಅತಿ ಹೆಚ್ಚು ನಡುಕ ಹುಟ್ಟಿಸಿದ್ದು ಈ ಸಭ್ಯ ಮನುಷ್ಯ.

2016ರಲ್ಲಿ ಬಾಬಕ್ ಅನ್ವರಿ ಮಾಡಿದ 'ಅಂಡರ್ ದಿ ಶ್ಯಾಡೋ' ಪರ್ಷಿಯನ್ ಭಾಷೆಯ ಚಿತ್ರ. ಇರಾನ್-ಇರಾಕ್ ಯುದ್ಧದ ದಿನಗಳ ಟೆಹರಾನ್. ಡಾಕ್ಟರ್ ಗಂಡ ಯುದ್ಧಭೂಮಿಗೆ ಹೋಗಿದ್ದಾನೆ. ಮನೆಯಲ್ಲಿ ಅವನ ಹೆಂಡತಿ ಶಿದೆ, ಅವಳ ಪುಟ್ಟ ಮಗಳು, ಜೊತೆಗೆ ಒಂದು ಜಿನ್, ಅಂದರೆ ಅಲ್ಲಿನವರು ನಂಬುವ ದೆವ್ವ. ಒಂದು ರಾತ್ರಿ ಹೆದರಿ ಮಗಳನ್ನು ಎತ್ತಿಕೊಂಡು ಬೀದಿಗೆ ಓಡುತ್ತಾಳೆ. ತಲೆ ಮೇಲೆ ಬಟ್ಟೆಯಿಲ್ಲ ಅಂತ ಗಸ್ತಿನವರು ಅಲ್ಲೇ ಹಿಡಿಯುತ್ತಾರೆ, ಬೈದು ಬುದ್ಧಿ ಹೇಳುತ್ತಾರೆ. ಮತ್ತೆ ಅದೇ ಮನೆಗೆ ವಾಪಸ್. ಒಳಗೆ ಜಿನ್, ಹೊರಗೆ ಇವರು. ಎಲ್ಲಿಗೆ ಹೋಗಬೇಕು ಅವಳು, ಹೇಳಿ?

ಜೆನಿಫರ್ ಕೆಂಟ್ ನಿರ್ದೇಶಿಸಿದ ಆಸ್ಟ್ರೇಲಿಯಾದ 'ದಿ ಬಾಬಾಡೂಕ್' 2014ರದ್ದು. ಹೆರಿಗೆಗೆ ಕರೆದೊಯ್ಯುವಾಗ ಕಾರು ಅಪಘಾತದಲ್ಲಿ ಗಂಡ ಸತ್ತಿದ್ದಾನೆ. ಮಗ ಹುಟ್ಟಿದ ದಿನವೇ ಅಪ್ಪ ಸತ್ತ ದಿನ. ಹಾಗಾಗಿ ಆ ದಿನ ಹುಟ್ಟುಹಬ್ಬವೇ ಇಲ್ಲ. ದಣಿದ ತಾಯಿ, ಅವನ ಬದಲು ನೀನೇ ಸಾಯಬಾರದಿತ್ತೇ ಅಂತ ಮಗನಿಗೇ ಹೇಳಿಬಿಡುತ್ತಾಳೆ. ಒಬ್ಬ ತಾಯಿಯ ಬಾಯಲ್ಲಿ ಈ ಮಾತು ಬರಲು ಬಿಟ್ಟು, ಆಮೇಲೂ ಅವಳ ಕೈಬಿಡದ ಚಿತ್ರ ಇದು. ಅದಕ್ಕೇ ನನಗೆ ಇದರ ಮೇಲೆ ಅಷ್ಟು ಗೌರವ. ಇಲ್ಲಿ ಇವರನ್ನು ಕಾಡುವ ಬಾಬಾಡೂಕ್ ಅನ್ನುವ ಭೂತ ಸಾಯುವುದಿಲ್ಲ. ನೆಲಮಾಳಿಗೆಯಲ್ಲಿ ಇರುತ್ತದೆ, ಅವಳೇ ಅದಕ್ಕೆ ಎರೆಹುಳ ತಿನ್ನಿಸುತ್ತಾಳೆ. ಮೇಲೆ ಮಗನಿಗೆ ಮೊದಲ ಸಲ, ಹುಟ್ಟಿದ ದಿನವೇ ಹುಟ್ಟುಹಬ್ಬ ಮಾಡುತ್ತಾಳೆ.

ನಮಸ್ಕಾರ.