ಮೂವತ್ತು ಮಿನಾ ಬೆಲೆಯ ‘ಗೆಳತಿ’

ಪ್ರಾಚೀನ ಗ್ರೀಸಿನ ಹೆಟೈರಾಗಳ, ಅಂದರೆ ಸಿರಿವಂತ ಗಂಡಸರಿಗೆ ಜೊತೆಗಾತಿಯರಾಗಿದ್ದ ಗಣಿಕೆಯರ, ಮಾತೆತ್ತಿದರೆ ಸಾಕು, ಅಸ್ಪಾಸಿಯಾ, ಫ್ರೈನಿ ಅಂತ ಎರಡು ಹೆಸರು ಹೇಳಿ, ‘ಎಂಥ ಸ್ವತಂತ್ರ ಹೆಂಗಸರು!’ ಅಂತ ಹೊಗಳಿ ಮುಗಿಸಿಬಿಡುತ್ತಾರೆ. ನನಗೆ ಈ ಹೊಗಳಿಕೆ ಹಿಡಿಸೋದಿಲ್ಲ. ಯಾಕೆ ಅಂತೀರಾ? ಅವರ ಹಣದ ಲೆಕ್ಕ ನೋಡೋಣ ಬನ್ನಿ.

ಹೆಟೈರಾ ಪದದ ಅರ್ಥ ಗೆಳತಿ. ವೇಶ್ಯೆಗಿದ್ದ ಇನ್ನೊಂದು ಪದ ಪೋರ್ನೆ, ಅದು ‘ಮಾರು’ ಅನ್ನೋ ಕ್ರಿಯಾಪದದಿಂದ ಬಂದದ್ದು. ಜನರ ಬಾಯಲ್ಲಿ ಒಬ್ಬಳಿಗೇ ಎರಡೂ ಹೆಸರು ಅಂಟುತ್ತಿದ್ದವು. ಪೋರ್ನೆಗೆ ಕೊಡೋದು ಕೂಲಿ, ಹೆಟೈರಾಗೆ ಕೊಡೋದು ‘ಉಡುಗೊರೆ’. ಕ್ಸೆನೊಫೋನ್ ಬರೆದಿರೋ ಪ್ರಸಂಗದಲ್ಲಿ ಸಾಕ್ರಟೀಸ್ ಥಿಯೊಡೋಟೆ ಅನ್ನೋ ಹೆಟೈರಾಳನ್ನು ಕೇಳ್ತಾನೆ: ಹೊಲ ಇದೆಯಾ? ಬಾಡಿಗೆ ಬರೋ ಮನೆ? ದುಡಿದು ಹಾಕೋ ಗುಲಾಮರು? ಯಾವುದೂ ಇಲ್ಲ. ಗೆಳೆಯರು ಮನಸ್ಸು ಮಾಡಿ ಕೊಟ್ಟದ್ದೇ ಜೀವನ. ಉಡುಗೊರೆಗೆ ದರ ಇಲ್ಲ, ಸರಿ. ಆದರೆ ಬಾಕಿ ವಸೂಲಿಗೆ ದಾರಿಯೂ ಇಲ್ಲ! ಇನ್ನು ಔತಣಕ್ಕೆ ಬರೋ ಕೊಳಲು ವಾದಕಿಯರಿಗೆ ಅಥೆನ್ಸ್ ದರವನ್ನೇ ಕಟ್ಟಿತ್ತು, 2 ದ್ರಾಖ್ಮೆ (ಆಗಿನ ಬೆಳ್ಳಿ ನಾಣ್ಯ) ಮೀರುವಂತಿಲ್ಲ. ಒಬ್ಬಳಿಗೇ ಇಬ್ಬರು ಗಿರಾಕಿ ಬಂದರೆ ಅಧಿಕಾರಿಗಳು ಚೀಟಿ ಎತ್ತಿಸುತ್ತಿದ್ದರು.

ಈಗ ನೆಯೆರಾ ಅನ್ನೋ ಹೆಟೈರಾ ವಿಷಯಕ್ಕೆ ಬರೋಣ. ಕ್ರಿ.ಪೂ. 4ನೇ ಶತಮಾನ. ಮುಂದೆ ಹೇಳೋದೆಲ್ಲ ಅವಳ ಮೇಲೆ ಕೇಸು ಹಾಕಿದವರ ಕಡೆಯ ಅಪೊಲೊಡೋರಸ್ ಕೋರ್ಟಲ್ಲಿ ಹೇಳಿದ್ದು, ಉಪ್ಪು ಖಾರ ಸೇರಿರುತ್ತೆ ಅನ್ನೋದು ನೆನಪಿರಲಿ. ಕೊರಿಂಥ್‌ನಲ್ಲಿ ನಿಕರೆಟೆ ಅನ್ನೋಳು ಏಳು ಗುಲಾಮ ಹುಡುಗಿಯರನ್ನು ಕೊಂಡು ಸಾಕಿ, ‘ನನ್ನ ಹೆಣ್ಣುಮಕ್ಕಳು’ ಅಂತ ಹೇಳಿಕೊಳ್ಳುತ್ತಿದ್ದಳು. ಸ್ವತಂತ್ರ ಮನೆತನದವರು ಅಂದರೆ ಬೆಲೆ ಜಾಸ್ತಿ, ಅಷ್ಟೇ ಉದ್ದೇಶ. ಅವರಲ್ಲಿ ನೆಯೆರಾಳನ್ನು ಇಬ್ಬರು ಗಿರಾಕಿಗಳು ಪಾಲಲ್ಲಿ ಕೊಂಡರು. 30 ಮಿನಾ, ಅಂದರೆ 3000 ದ್ರಾಖ್ಮೆ. ಅದಕ್ಕೆ ಕೆಲವು ದಶಕ ಮುಂಚೆ ಅಥೆನ್ಸಿನ ಎರೆಕ್ಥಿಯಾನ್ ದೇಗುಲ ಕಟ್ಟಿದ ಕುಶಲಕರ್ಮಿಗೆ ದಿನಕ್ಕೆ 1 ದ್ರಾಖ್ಮೆ ಸಿಗುತ್ತಿತ್ತು. ಒಂದು ದಿನವೂ ರಜೆ ಹಾಕದೆ ಎಂಟು ವರ್ಷಕ್ಕೂ ಮೇಲೆ ದುಡಿದರೆ ಆಗುವ ಮೊತ್ತ!

ಆ ಇಬ್ಬರಿಗೆ ಮದುವೆ ಗೊತ್ತಾಯಿತು. ತಲಾ 500 ಬಿಟ್ಟುಕೊಟ್ಟು, ‘2000 ತಂದುಕೊಡು, ಬಿಡುಗಡೆ ಮಾಡ್ತೀವಿ, ಕೊರಿಂಥ್‌ನಲ್ಲಿ ಮಾತ್ರ ದಂಧೆ ಮಾಡಕೂಡದು’ ಅಂದರು. ನೆಯೆರಾ ಹಳೇ ಗಿರಾಕಿಗಳ ಹತ್ತಿರ ಚಂದಾ ಎತ್ತಿದಳು, ತನ್ನ ಉಳಿತಾಯ ಸೇರಿಸಿದಳು. ಕಡಿಮೆ ಬಿದ್ದದ್ದನ್ನು ಹಾಕಿ ಪೂರ್ತಿ ಹಣ ಎಣಿಸಿಕೊಟ್ಟವನು ಅಥೆನ್ಸಿನ ಫ್ರಿನಿಯೋನ್. ಎಡವಟ್ಟಾದದ್ದೇ ಇಲ್ಲಿ. ದುಡ್ಡಲ್ಲಿ ಅವಳು ಹೊಂದಿಸಿದ್ದೂ ಇತ್ತು, ಆದರೆ ಕೊಟ್ಟ ಕೈ ಅವನದು. ಅವನು ಅವಳನ್ನು ಔತಣದಿಂದ ಔತಣಕ್ಕೆ ಕರಕೊಂಡು ತಿರುಗಿ ಅವಮಾನ ಮಾಡಿದ. ಬಟ್ಟೆ, ಒಡವೆ, ಇಬ್ಬರು ದಾಸಿಯರ ಸಮೇತ ಅವಳು ಮೆಗಾರಕ್ಕೆ ಓಡಿದಳು. ಅಲ್ಲಿ ಯುದ್ಧಕಾಲ, ಜನ ಜಿಪುಣರು, ವ್ಯಾಪಾರ ಇಲ್ಲ. ಎರಡು ವರ್ಷ ಕಳೆದು ಸ್ಟೆಫನೋಸ್ ಎಂಬುವನ ಆಸರೆಯಲ್ಲಿ ಅಥೆನ್ಸಿಗೆ ವಾಪಸ್ ಬಂದರೆ, ಫ್ರಿನಿಯೋನ್ ‘ಇವಳು ನನ್ನ ಗುಲಾಮಳು’ ಅಂತ ಎಳೆದೊಯ್ಯಲು ಬಂದ.

ಪಂಚಾಯಿತಿ ದೇವಸ್ಥಾನದಲ್ಲಿ ಕೂತಿತು, ಮೂವರು ಪಂಚರು. ತೀರ್ಪು ಹೀಗೆ: ನೆಯೆರಾ ಸ್ವತಂತ್ರಳು. ಅವಳಿಗೆಂದೇ ಕೊಂಡ ಬಟ್ಟೆ, ಒಡವೆ, ದಾಸಿಯರು ಅವಳಿಗೆ, ಉಳಿದದ್ದು ವಾಪಸ್. ಮತ್ತೆ, ಅವಳು ದಿನ ಬಿಟ್ಟು ದಿನ ಫ್ರಿನಿಯೋನ್, ಸ್ಟೆಫನೋಸ್ ಒಬ್ಬೊಬ್ಬರ ಜೊತೆ ಇರತಕ್ಕದ್ದು. ಆ ದಿನದ ಊಟದ ಖರ್ಚು ಆಯಾ ಗಂಡಸಿನದು.