ಬಿಟ್ಟ ಪದ, ಇಟ್ಟ ಚುಕ್ಕೆ

ಕೇಳುಗರಿಗೆ ನಮಸ್ಕಾರ.

ಕಾರವಾರದ ಮೀನುಪೇಟೆಯಲ್ಲಿ ‘ಬಂಗಡೆ ಹೇಗೆ?’ ಎಂದು ಕೇಳಿದವರಿಗೆ ‘ನೂರಕ್ಕೆ ಐದು’ ಎಂಬ ಉತ್ತರ ಸಿಕ್ಕಿತೆನ್ನೋಣ. ಅದರಲ್ಲಿ ಮೀನಿನ ಹೆಸರಿಲ್ಲ, ರೂಪಾಯಿ ಎಂಬ ಮಾತಿಲ್ಲ, ಕ್ರಿಯಾಪದವೂ ಇಲ್ಲ. ಆದರೂ ಅರ್ಥಕ್ಕೆ ಕೊರತೆಯಿಲ್ಲ. ಹೀಗೆ ವಾಕ್ಯದಲ್ಲಿ ಕಾಣದ ಪದವನ್ನು ಸಂದರ್ಭದಿಂದ ತಂದುಕೊಳ್ಳುವುದೇ ಅಧ್ಯಾಹಾರ. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಸ್ವರವೊಂದು ಬಿದ್ದುಹೋಗುವ ಲೋಪಸಂಧಿ ಇದಲ್ಲ. ಅದು ಧ್ವನಿಗೆ ಸೇರಿದ್ದು.

ಕನ್ನಡದಲ್ಲಿ ಕರ್ತೃಪದವನ್ನು ಧಾರಾಳವಾಗಿ ಬಿಡಬಹುದು. ‘ಬಂದೆನು’ ಎಂದರೆ ನಾನು, ‘ಬಂದಳು’ ಎಂದರೆ ಅವಳು ಎಂಬುದನ್ನು ಕ್ರಿಯಾಪದದ ಕೊನೆಗೆ ಸೇರುವ ಆಖ್ಯಾತ ಪ್ರತ್ಯಯವೇ ಹೇಳಿಬಿಡುತ್ತದೆ. ಆದರೆ ‘ಬೇಕು’ ಎಂಬ ರೂಪಕ್ಕೆ ಆ ಪ್ರತ್ಯಯವಿಲ್ಲ. ‘ನಾಳೆ ಶಿರಸಿಗೆ ಹೋಗಬೇಕು ಎಂದು ತಾಯಿ ಮಗಳಿಗೆ ಹೇಳಿದಳು’ ಎಂದು ಬರೆದರೆ ಹೋಗಬೇಕಾದವರು ತಾಯಿಯೋ, ಮಗಳೋ, ಇಬ್ಬರೂ ಹೌದೋ ತಿಳಿಯದು. ಅಲ್ಲಿ ಕರ್ತೃವನ್ನು ಹೇಳಲೇಬೇಕು. ಕ್ರಿಯಾಪದವನ್ನು ಹಂಚಿಕೊಳ್ಳುವಾಗಲೂ ಎಚ್ಚರ ಬೇಕು. ‘ಅಕ್ಕ ಅಂಕೋಲೆಗೆ, ತಮ್ಮ ಕುಮಟೆಗೆ ಹೋದ’ ಎಂಬಲ್ಲಿ ಅಕ್ಕನಿಗೆ ‘ಹೋದ’ ಹೊಂದುವುದಿಲ್ಲ. ‘ಹೋದರು’ ಎಂದರೆ ಇಬ್ಬರಿಗೂ ಸಲ್ಲುತ್ತದೆ.

ಇಂಥ ಅಧ್ಯಾಹಾರಕ್ಕೆ ಯಾವ ಚಿಹ್ನೆಯೂ ಬೇಡ, ಏಕೆಂದರೆ ಬಿಟ್ಟದ್ದನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ. ಮೂರು ಚುಕ್ಕೆಗಳ ಲೋಪಚಿಹ್ನೆ ಬೇಕಾಗುವುದು ಹಾಗೆ ತುಂಬಿಕೊಳ್ಳಲಾಗದ ಕಡೆ: ಬೇರೆಯವರ ಬರಹವನ್ನು ಉದ್ಧರಿಸುವಾಗ ನಡುವೆ ಬಿಟ್ಟ ಭಾಗಕ್ಕೆ, ಇಲ್ಲವೇ ಅರ್ಧಕ್ಕೆ ನಿಂತ ಮಾತಿಗೆ. ಏನನ್ನೂ ಬಿಡದೆ ಪ್ರತಿ ವಾಕ್ಯದ ಕೊನೆಗೂ ಚುಕ್ಕೆ ಸುರಿಯುವ ಈಗಿನ ರೂಢಿಯನ್ನು ನಾನು ಒಪ್ಪಲಾರೆ. ನಿಜವಾಗಿ ಬಿಟ್ಟಾಗ ಅದನ್ನು ತಿಳಿಸಲು ಬೇರೆ ಗುರುತು ಉಳಿಯುವುದಿಲ್ಲ. ಚುಕ್ಕೆ ಇಟ್ಟ ಮಾತ್ರಕ್ಕೆ ಹೊಣೆ ತೀರುವುದೂ ಇಲ್ಲ. ‘ಗಾಳಿ ಇಳಿದರೆ ಮಾತ್ರ ನಾಳೆ ದೋಣಿ ಬಿಡುತ್ತೇವೆ’ ಎಂಬುದರಲ್ಲಿ ಮೊದಲ ಮೂರು ಪದಗಳ ಜಾಗಕ್ಕೆ ಚುಕ್ಕೆ ಇಟ್ಟು ಉಳಿದದ್ದನ್ನಷ್ಟೇ ಉದ್ಧರಿಸಿದರೆ, ಚಿಹ್ನೆ ಸರಿಯಾಗಿದ್ದರೂ ಮಾತು ಸುಳ್ಳಾಗುತ್ತದೆ. ಬಾನುಲಿಯಲ್ಲಂತೂ ಚುಕ್ಕೆ ಕೇಳಿಸದು. ಓದುವವರು ‘ಇಲ್ಲಿ ಕೆಲವು ಮಾತುಗಳನ್ನು ಬಿಟ್ಟಿದೆ’ ಎಂದು ಬಾಯಿಬಿಟ್ಟು ಹೇಳಬೇಕು.

ಈ ಶಿಸ್ತನ್ನು ನೋಡಬೇಕಾದರೆ ಅಚ್ಚಾದ ಶಾಸನ ಸಂಪುಟಗಳನ್ನು ತೆರೆಯಬೇಕು. ಬನವಾಸಿಯಂಥ ಊರುಗಳ ಹಳೆಯ ಕಲ್ಲುಗಳಲ್ಲಿ ಸವೆದು ಓದಲಾಗದ ಅಕ್ಷರಗಳಿದ್ದರೆ ಸಂಪಾದಕರು ಅವುಗಳ ಜಾಗದಲ್ಲಿ ಚುಕ್ಕೆಗಳನ್ನಿಡುತ್ತಾರೆ. ತಾವು ಊಹಿಸಿ ತುಂಬಿದ ಅಕ್ಷರವನ್ನು ಕಂಸದೊಳಗೆ ಬೇರೆಯಾಗಿಯೇ ತೋರಿಸುತ್ತಾರೆ.